ಕವರ್‌ಸ್ಲಿಪ್ ಕೆಳಗಿನ ನೀರು: ಕೆರೆಯ ಸೂಕ್ಷ್ಮಜೀವಿಗಳ ವಿಡಿಯೋ, ನನ್ನ ಅನುಭವ

ಕೆರೆ ನೀರಿನ ಜೀವಿಗಳ ವಿಡಿಯೋ ಮಸುಕಾಗಿ ಬಂದರೆ ಮೊದಲು ಬೈಸಿಕೊಳ್ಳುವುದು ಫೋನು. ಫೋನ್ ಬದಲಿಸಿದರೂ ಮಸುಕು ಹೋಗುವುದಿಲ್ಲ, ಯಾಕೆಂದರೆ ಬಹುಪಾಲು ತಪ್ಪು ಕವರ್‌ಸ್ಲಿಪ್ ಕೆಳಗೇ ಇರುತ್ತದೆ. ಗಾಜಿನ ಸ್ಲೈಡಿನ ಮೇಲೆ ಬಿಟ್ಟ ಹನಿಗೆ ಮುಚ್ಚುವ ತೆಳು ಗಾಜೇ ಕವರ್‌ಸ್ಲಿಪ್. ಅದರ ಕೆಳಗೆ ನೀರು ಎಷ್ಟು ದಪ್ಪ ನಿಂತಿದೆ ಎನ್ನುವುದು ಮುಖ್ಯ, ಅದರ ನಂತರ ಬೆಳಕು, ಕ್ಯಾಮೆರಾ ಕೊನೆಗೆ. ದಾವಣಗೆರೆ ಸುತ್ತಿನ ಗದ್ದೆ, ನಾಲೆ, ಕೆರೆಗಳ ನೀರಿಗೆ ನಾನು ಬಳಸುವುದು ಕಾಲೇಜು ಲ್ಯಾಬಿಗೆ ಅಂಬಾಲದಿಂದ ಬರುವಂಥ ಸಾಧಾರಣ ಮೈಕ್ರೊಸ್ಕೋಪು: 4ಎಕ್ಸ್, 10ಎಕ್ಸ್, 40ಎಕ್ಸ್ ಆಬ್ಜೆಕ್ಟಿವ್ (ಸ್ಲೈಡಿನ ಕಡೆಯ ಲೆನ್ಸ್, ಎಕ್ಸ್ ಎಂದರೆ ಪಟ್ಟು), ಐರಿಸ್ (ಕಿರಿದು ಹಿರಿದು ಮಾಡಬಲ್ಲ ಬೆಳಕಿನ ಕಿಂಡಿ) ಇರುವ ಅಬ್ಬೆ ಕಂಡೆನ್ಸರ್ (ದೀಪದ ಬೆಳಕನ್ನು ಸ್ಲೈಡಿಗೆ ಕೂಡಿಸುವ ಲೆನ್ಸ್), ಎಲ್‌ಇಡಿ ದೀಪ, ಕಣ್ಣಿಟ್ಟು ನೋಡುವ ಐಪೀಸ್ ಮೇಲೆ ಫೋನ್ ಹೋಲ್ಡರ್. 100ಎಕ್ಸ್ ಎಣ್ಣೆ ಲೆನ್ಸ್ ಈ ಕೆಲಸಕ್ಕೆ ಹೆಚ್ಚುಕಡಿಮೆ ಬೇಡವೇ ಬೇಡ. ದುಡ್ಡು ಹಾಕುವುದಿದ್ದರೆ ಸ್ಲೈಡನ್ನು ತಿರುಪಿನಿಂದ ಸರಿಸುವ ಮೆಕ್ಯಾನಿಕಲ್ ಸ್ಟೇಜಿಗೆ ಹಾಕಿ. ಈಜುವ ಪ್ಯಾರಮೀಸಿಯಮ್ಮನ್ನು (ಚಪ್ಪಲಿಯಾಕಾರದ ಏಕಕೋಶ ಜೀವಿ) ಬೆರಳಿನಿಂದ ಸ್ಲೈಡ್ ತಳ್ಳಿ ಹಿಂಬಾಲಿಸುವುದು ಆಗದ ಮಾತು.

ದಪ್ಪದ ಲೆಕ್ಕ ಹೀಗೆ. ಡ್ರಾಪರಿನ ಒಂದು ಹನಿ ಸುಮಾರು 0.05 ಮಿ.ಲೀ. ಅದರ ಮೇಲೆ 22 × 22 ಮಿ.ಮೀ. ಕವರ್‌ಸ್ಲಿಪ್ ಇಟ್ಟರೆ ನೀರು ಹರಡಿಕೊಂಡು ಸುಮಾರು 0.1 ಮಿ.ಮೀ., ಅಂದರೆ 100 ಮೈಕ್ರಾನ್ ದಪ್ಪ ನಿಲ್ಲುತ್ತದೆ. 10ಎಕ್ಸ್ ಆಬ್ಜೆಕ್ಟಿವ್ ಒಂದು ಸಲಕ್ಕೆ ಸ್ಪಷ್ಟವಾಗಿ ತೋರಿಸುವ ಪದರ 9 ಮೈಕ್ರಾನ್ ಆಸುಪಾಸು. 40ಎಕ್ಸ್ ತೋರಿಸುವುದು ಒಂದು, ಒಂದೂವರೆ ಮೈಕ್ರಾನ್. ಪೂರ್ತಿ ಹನಿ ಹಾಕಿ 40ಎಕ್ಸ್ ತಿರುಗಿಸಿದರೆ ಜೀವಿ ಆ ನೂರು ಮೈಕ್ರಾನ್ ಆಳದಲ್ಲಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ನಮ್ಮ ಕೈ ಫೋಕಸ್ ನಾಬ್ ಮೇಲೆ ಸೋಲುತ್ತದೆ. ಅರ್ಧ ಹನಿಯಾದರೆ 50 ಮೈಕ್ರಾನ್. ಪ್ಯಾರಮೀಸಿಯಂ ಕಾಡೇಟಮ್ 200ರಿಂದ 300 ಮೈಕ್ರಾನ್ ಉದ್ದ, ಸುಮಾರು 50 ಮೈಕ್ರಾನ್ ಅಗಲ. ಅರ್ಧ ಹನಿಯಲ್ಲಿ ಅದು ಎರಡು ಗಾಜಿನ ನಡುವೆ ತುಸು ಒತ್ತಿಕೊಂಡು ನಿಧಾನವಾಗುತ್ತದೆ, ಸಾಯುವುದಿಲ್ಲ. ನಮಗೆ ಬೇಕಾದ ಅಳತೆ ಅದೇ.

ಈ ಅಳತೆ ಕೈಗೆ ಸಿಗುವಂತೆ ಮಾಡುವುದು ವ್ಯಾಸಲೀನ್. 2 ಮಿ.ಲೀ. ಸಿರಿಂಜಿಗೆ ವ್ಯಾಸಲೀನ್ ತುಂಬಿ, ಸೂಜಿ ಇಲ್ಲದೆ, ಕವರ್‌ಸ್ಲಿಪ್ಪಿನ ನಾಲ್ಕು ಮೂಲೆಗೆ ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆ ಇಡಿ. ಅದನ್ನು ಹನಿಯ ಮೇಲೆ ಒಂದು ಅಂಚಿನಿಂದ ಓರೆಯಾಗಿ ಇಳಿಸಿ. ನೇರ ಬಿಟ್ಟರೆ ಗಾಳಿಗುಳ್ಳೆ ಕೂರುತ್ತದೆ. ಸ್ಲೈಡನ್ನು 10ಎಕ್ಸ್ ಕೆಳಗಿಟ್ಟು, ಕಣ್ಣು ಐಪೀಸಿನಲ್ಲೇ ಇರಲಿ, ಬೆಂಕಿಕಡ್ಡಿಯ ಹಿಂತುದಿಯಿಂದ ಒಂದೊಂದೇ ಮೂಲೆ ಮೆಲ್ಲಗೆ ಒತ್ತುತ್ತಾ ಬನ್ನಿ. ಹೊರಬಂದ ನೀರನ್ನು ಟಿಶ್ಯೂ ತುದಿ ಹೀರಲಿ. ನೆಟ್ಟಗೆ ಓಡುತ್ತಿದ್ದ ಜೀವಿ ತಡವರಿಸಿ ಒಂದೇ ಕಡೆ ಸುತ್ತತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಒತ್ತಿದರೆ ಮೈ ಅಂಚಿನಲ್ಲಿ ನೀರುಗುಳ್ಳೆ ಏಳುತ್ತವೆ, ಮರುಕ್ಷಣ ಒಡೆದು ಒಳಗಿನ ಕಣಗಳೆಲ್ಲ ಹೊರಗೆ ಚೆಲ್ಲುತ್ತವೆ. ಗುಳ್ಳೆ ಕಂಡ ತಕ್ಷಣ ಅಂಚಿಗೆ ಅದೇ ಕೆರೆಯ ಸೋಸಿದ ನೀರು ಒಂದು ಚುಕ್ಕೆ ಬಿಟ್ಟರೆ ಕೆಲವು ಸಲ ಉಳಿದುಕೊಳ್ಳುತ್ತದೆ. ನಲ್ಲಿ ನೀರು ಬಿಡಬೇಡಿ. ಕ್ಲೋರಿನ್ ಇದ್ದರೆ ಜೀವಿಗಳು ಉಳಿಯುವುದಿಲ್ಲ.

ನಮ್ಮ ಕಡೆಯ ಒಣ ಹವೆ ಈ ತೆಳು ನೀರಿನ ದೊಡ್ಡ ಶತ್ರು. ಮಾರ್ಚಿನಿಂದ ಮೇವರೆಗೆ, ಅದರಲ್ಲೂ ಚಿತ್ರದುರ್ಗದ ಕಡೆ, ಅಂಚು ಮುಚ್ಚದ ಸ್ಲೈಡ್ ಒಂದು ಒಳ್ಳೆಯ ಶಾಟ್ ಮುಗಿಯುವಷ್ಟರಲ್ಲಿ ಒಣಗಿ ಕವರ್‌ಸ್ಲಿಪ್ ತಾನಾಗಿ ಕೆಳಗಿಳಿಯುತ್ತದೆ, ಜೀವಿ ಅಪ್ಪಚ್ಚಿ. ದಪ್ಪ ಸರಿಹೋದ ಮೇಲೆ ನಾಲ್ಕೂ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಎಳೆದುಬಿಟ್ಟರೆ ಒಂದೆರಡು ಗಂಟೆ ನಿಶ್ಚಿಂತೆ. ಸೀಲಿಂಗ್ ಫ್ಯಾನ್ ಆರಿಸಲೇಬೇಕು, ಅದು ಒಣಗಿಸುವುದಲ್ಲದೆ ಮೇಜನ್ನೂ ನಡುಗಿಸುತ್ತದೆ. ಕಡಪ ಕಲ್ಲಿನ ತುಂಡೊಂದನ್ನು ಮಡಿಸಿದ ಕಂಬಳಿಯ ಮೇಲಿಟ್ಟು ಅದರ ಮೇಲೆ ಮೈಕ್ರೊಸ್ಕೋಪ್ ಕೂರಿಸಿದರೆ ಬೀದಿಯಲ್ಲಿ ಲಾರಿ ಹೋದರೂ ಚಿತ್ರ ಅಲುಗುವುದಿಲ್ಲ. ಸರದಿಗೆ ಕಾಯುತ್ತಿರುವ ಸ್ಲೈಡುಗಳನ್ನು ಒದ್ದೆ ಬಟ್ಟೆ ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಿ.

ಒತ್ತದೆಯೇ ನಿಧಾನ ಮಾಡುವ ದಾರಿ ಎರಡಿವೆ. ಒಂದು ಅರಳೆ: ಎಂಟ್ಹತ್ತು ಎಳೆಗಳನ್ನು ಮಾತ್ರ ಹಿಂಜಿ, ಬಲೆಯಂತೆ ಹರಡಿ, ಅದರ ಮೇಲೆ ಹನಿ ಬಿಟ್ಟರೆ ಜೀವಿಗಳು ಎಳೆಗಳ ನಡುವಿನ ಕಿಂಡಿಗಳಲ್ಲಿ ಸಿಕ್ಕಿಕೊಂಡು ಅಲ್ಲಲ್ಲೇ ತಿರುಗುತ್ತವೆ. ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ಇದಕ್ಕೆ ಕೊರತೆ ಇಲ್ಲ. ಎಳೆ ಜಾಸ್ತಿಯಾದರೆ ಕವರ್‌ಸ್ಲಿಪ್ ಎತ್ತರ ನಿಂತು ಮತ್ತೆ ದಪ್ಪದ ಸಮಸ್ಯೆ ಬರುತ್ತದೆ. ಇನ್ನೊಂದು ಮೀಥೈಲ್ ಸೆಲ್ಯುಲೋಸ್, ನೀರಿನಲ್ಲಿ ಶೇ. 2ರಿಂದ 3. ಪುಡಿಯನ್ನು ಬಿಸಿ ನೀರಿಗೆ ಕಲಸಿ ತಣ್ಣಗಾಗಲು ಬಿಡಬೇಕು, ಈ ವಸ್ತು ಕರಗುವುದು ತಣ್ಣಗಾಗುವಾಗ. ಆದರೆ ಗಂಜಿಯಂಥ ಆ ದ್ರವದಲ್ಲಿ ಸಿಲಿಯಾದ, ಅಂದರೆ ಜೀವಿ ಈಜಲು ಬಡಿಯುವ ಸಣ್ಣ ಕೂದಲುಗಳ, ಬಡಿತವೇ ಬದಲಾಗುತ್ತದೆ. ಸಹಜ ನಡೆ ತೋರಿಸಬೇಕೆಂದಿದ್ದರೆ ಅರಳೆಯೇ ಮೇಲು.

ನೀರು ತರುವುದರಲ್ಲಿ ಒಂದು ಮಾತು ಗಟ್ಟಿ: ಕೆರೆಯ ನಡುವಿನ ತಿಳಿನೀರು ಬಾಟಲಿಗೆ ತುಂಬಿಕೊಂಡು ಬಂದರೆ ಸ್ಲೈಡಿನಲ್ಲಿ ಬರೀ ನೀರೇ ಕಾಣುತ್ತದೆ. ಜೀವಿಗಳು ಇರುವುದು ಏನಕ್ಕಾದರೂ ಅಂಟಿಕೊಂಡು. ಅಂತರಗಂಗೆಯ ಬೇರು, ನಾಲೆ ಅಂಚಿನ ಕೂದಲಿನಂಥ ಹಸಿರು ಪಾಚಿ, ದನ ನೀರು ಕುಡಿಯುವ ಕಲ್ಲಿನ ಬಾನಿಯ ಒಳಮೈ ಇವನ್ನು ಹಿಂಡಿ, ಕೆರೆದು ಬಾಟಲಿಗೆ ಹಾಕಿ. ಭದ್ರಾ ನೀರಿನ ಗದ್ದೆಗಳು ನಾಟಿಯಾಗಿ ಎರಡು ಮೂರು ವಾರಕ್ಕೆ ತುಂಬಿ ತುಳುಕುತ್ತವೆ. ಕಳೆನಾಶಕ ಹಾಕಿದ ಹೊಸದರಲ್ಲಿ ಮಾತ್ರ ಹೋಗಬೇಡಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ವಿಶಾಲ ನೀರಿಗೆ ಬಲೆ ಬೇಕು: ತಂತಿ ಬಳೆಗೆ ಒತ್ತಾದ ನೈಲಾನ್ ಬಟ್ಟೆ ಹೊಲಿದು, ಚೂಪು ತುದಿಗೆ ಚಿಕ್ಕ ಬಾಟಲಿ ಕಟ್ಟಿ, ದಡದ ಉದ್ದಕ್ಕೆ ನಿಧಾನ ಎಳೆಯಬೇಕು. ಚಿತ್ರದುರ್ಗದ ಕೋಟೆಯೊಳಗಿನ ಹೊಂಡಗಳು ಸಂರಕ್ಷಿತ ಸ್ಮಾರಕದ ಭಾಗ, ಅಲ್ಲಿ ಅನುಮತಿ ಇಲ್ಲದೆ ಇಳಿಯಬಾರದು. ಊರ ಸುತ್ತ ಬೇರೆ ನೀರು ಬೇಕಾದಷ್ಟಿದೆ.

ಹೊಂಡದ ನೀರಿನಲ್ಲಿ ಜಿಗಿಜಿಗಿದು ಓಡುವ ಒಂಟಿ ಕಣ್ಣಿನ ಸೈಕ್ಲಾಪ್ಸ್ ಸಾಮಾನ್ಯ. ನಾರುಹುಣ್ಣಿನ ಮರಿಹುಳ ಮನುಷ್ಯನ ಹೊಟ್ಟೆಗೆ ಸೇರುತ್ತಿದ್ದುದು ಇದರ ಮೂಲಕವೇ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಎಂದು ಹಳ್ಳಿಹಳ್ಳಿಯಲ್ಲಿ ಹೇಳುತ್ತಿದ್ದುದು ಇದನ್ನು ತಡೆಯಲಿಕ್ಕೆ. ಭಾರತ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಪ್ರಮಾಣೀಕರಿಸಿತು. ಸೋಸುವ ಅದೇ ಉಪಾಯ ಇಲ್ಲಿ ನಮಗೆ ಬಲೆ. ಆದರೂ ಹೊಂಡದ ನೀರನ್ನು ಬಾಯಿಂದ ಎಳೆಯುವ ಪಿಪೆಟ್ಟಿನಲ್ಲಿ ತೆಗೆಯಬೇಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಬಾಟಲಿ ಮುಕ್ಕಾಲಿಗಿಂತ ಹೆಚ್ಚು ತುಂಬಿಸಬಾರದು. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗಿಟ್ಟರೆ ಆಮ್ಲಜನಕ ತೀರಿ ಮನೆ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಸತ್ತಿರುತ್ತವೆ. ಮನೆಯಲ್ಲಿ ಮುಚ್ಚಳ ತೆಗೆದು ನೆರಳಿನ ಕಿಟಕಿ ಪಕ್ಕ ಇಡಿ.

ಪ್ಯಾರಮೀಸಿಯಂ ವರ್ಷವಿಡೀ ಬೇಕೆಂದರೆ ಭತ್ತದ ಹುಲ್ಲು ಸಾಕು. ಔಷಧಿ ಹೊಡೆಯದ ಒಣ ಹುಲ್ಲು 10 ಗ್ರಾಂ, ನೀರು 1 ಲೀಟರ್, 10ರಿಂದ 15 ನಿಮಿಷ ಕುದಿಸಿ, ತೆಳುಬಟ್ಟೆ ಮುಚ್ಚಿ ಎರಡು ದಿನ ಬಿಡಿ. ನೀರು ಬ್ಯಾಕ್ಟೀರಿಯಾದಿಂದ ಮಬ್ಬಾದಾಗ 100 ಮಿ.ಲೀ. ಕೆರೆ ನೀರು ಸೇರಿಸಿ. ಮೊದಲು ಚಾಟಿಯಂಥ ಎಳೆಯಿಂದ ಈಜುವ ಚಿಕ್ಕ ಫ್ಲ್ಯಾಜೆಲೇಟುಗಳು, ಆಮೇಲೆ ಸಿಲಿಯಾ ಇರುವ ಸಣ್ಣ ಸಿಲಿಯೇಟುಗಳು, ವಾರದ ಹೊತ್ತಿಗೆ ಪ್ಯಾರಮೀಸಿಯಂ. ಈ ನೀರು ಹಾಗೇ ಸ್ಲೈಡಿಗೆ ಹಾಕಿದರೆ ಹಿನ್ನೆಲೆ ತುಂಬ ಕಸ, ಬ್ಯಾಕ್ಟೀರಿಯಾದ ಗುಂಜು. ಅದಕ್ಕೆ ಕಿರುಕೊರಳಿನ ಬಾಟಲಿಗೆ ಕೊರಳಿನ ಬುಡದವರೆಗೆ ಈ ಹುಲ್ಲಿನ ಕಷಾಯ ತುಂಬಿ, ನೀರಿಗೆ ತಾಗುವಂತೆ ಸಡಿಲ ಅರಳೆ ಇಟ್ಟು, ಅದರ ಮೇಲೆ ಒಂದು ದಿನ ತೆರೆದಿಟ್ಟ ಮಳೆ ನೀರನ್ನು ಮೆಲ್ಲಗೆ ಹನಿಸಿ ಕೊರಳು ತುಂಬಿಸಿ. ಪ್ಯಾರಮೀಸಿಯಮ್ಮಿಗೆ ಮೇಲಕ್ಕೇರುವ ಸ್ವಭಾವ. ಸ್ವಲ್ಪ ಹೊತ್ತಿನಲ್ಲಿ ಅರಳೆ ದಾಟಿ ತಿಳಿನೀರಿಗೆ ಬಂದು ಬಿಳಿ ಚುಕ್ಕಿಗಳಂತೆ ಬರಿಗಣ್ಣಿಗೇ ಕಾಣುತ್ತವೆ. ಅಲ್ಲಿಂದ ಎಳೆದುಕೊಂಡ ಹನಿಯಲ್ಲಿ ಹಿನ್ನೆಲೆ ಗಾಜಿನಷ್ಟು ಸ್ವಚ್ಛ.

ಇನ್ನು ಬೆಳಕು. ಐಪೀಸ್ ತೆಗೆದು ಕೊಳವೆಯೊಳಗೆ ನೋಡಿದರೆ ಆಬ್ಜೆಕ್ಟಿವಿನ ಹಿಂಬದಿ ಬೆಳಗಿದ ಬಿಲ್ಲೆಯಂತೆ ಕಾಣುತ್ತದೆ. ಐರಿಸ್ ಮುಚ್ಚುತ್ತಾ ಬಂದು ಬಿಲ್ಲೆಯ ಅಗಲದಲ್ಲಿ ಮುಕ್ಕಾಲು ಭಾಗ ಉಳಿದಾಗ ನಿಲ್ಲಿಸಿ. ಆಬ್ಜೆಕ್ಟಿವ್ ಬದಲಿಸಿದಾಗೆಲ್ಲ ಇದನ್ನು ಮತ್ತೆ ನೋಡಬೇಕು. ಕಾಂಟ್ರಾಸ್ಟ್ ಬರಲೆಂದು ಐರಿಸ್ ಪೂರ್ತಿ ಕಿರಿದು ಮಾಡುವುದು ಸಾಮಾನ್ಯ ತಪ್ಪು: ಪ್ರತಿ ಕಣದ ಸುತ್ತ ಜೋಡಿ ಉಂಗುರ ಬಂದು ಸಿಲಿಯಾ ಮಾಯವಾಗುತ್ತದೆ. ಐರಿಸ್ ಸರಿ ಇದ್ದೂ 40ಎಕ್ಸ್ ಮಾತ್ರ ಮಂಜು ಕವಿದಂತಿದ್ದರೆ ಮೂರು ಜಾಗ ನೋಡಿ. ಆಬ್ಜೆಕ್ಟಿವ್ ಮೂತಿಗೆ ನೀರು ತಾಗಿರಬಹುದು. ಸ್ಲೈಡ್ ತಲೆಕೆಳಗಾಗಿರಬಹುದು. ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ, ಹೊಸ ಪೆಟ್ಟಿಗೆಯ ಕವರ್‌ಸ್ಲಿಪ್ಪುಗಳು ಒಂದಕ್ಕೊಂದು ಅಂಟಿ ಜೋಡಿಯಾಗಿ ಬಂದಿರುತ್ತವೆ. ಆಬ್ಜೆಕ್ಟಿವ್ ಮೇಲೆ ಬರೆದ 0.17 ಎಂದರೆ ಅಷ್ಟು ಮಿ.ಮೀ. ಗಾಜಿಗೆ ಲೆಕ್ಕ ಹಾಕಿ ಮಾಡಿದ ಲೆನ್ಸ್ ಅದು, ಎರಡು ಗಾಜು ಸೇರಿದರೆ ಆ ಲೆಕ್ಕ ಕೆಡುತ್ತದೆ.

ಕಪ್ಪು ಹಿನ್ನೆಲೆಯಲ್ಲಿ ಜೀವಿ ಹೊಳೆಯುವ ಡಾರ್ಕ್‌ಫೀಲ್ಡಿಗೆ ಬೇರೆ ಸಲಕರಣೆ ಕೊಳ್ಳಬೇಕಿಲ್ಲ. 10ಎಕ್ಸ್ ಹಾಕಿ, ಐಪೀಸ್ ತೆಗೆದು, ಐರಿಸ್ ಅಂಚು ಬಿಲ್ಲೆಯ ಅಂಚಿಗೆ ಸರಿಯಾಗಿ ಕೂಡುವಂತೆ ಮಾಡಿ. ಕಂಡೆನ್ಸರ್ ಕೆಳಗಿನಿಂದ ಐರಿಸ್ ಬಾಯಿಯ ಅಗಲ ಅಳೆದು, ಅದಕ್ಕಿಂತ ಒಂದು ಮಿ.ಮೀ. ದೊಡ್ಡದಾಗಿ ಕಪ್ಪು ಇನ್ಸುಲೇಶನ್ ಟೇಪಿನ ಬಿಲ್ಲೆ ಕತ್ತರಿಸಿ, ಫಿಲ್ಟರ್ ಹೋಲ್ಡರ್ ಅಳತೆಯ ಪಾರದರ್ಶಕ ಓಎಚ್‌ಪಿ ಹಾಳೆಯ ನಟ್ಟನಡುವೆ ಅಂಟಿಸಿ. ಹಾಳೆಯನ್ನು ಕಂಡೆನ್ಸರ್ ಕೆಳಗಿನ ಆ ಹೋಲ್ಡರಿನಲ್ಲಿಟ್ಟು, ಐಪೀಸ್ ಮತ್ತೆ ಹಾಕಿ, ಐರಿಸ್ ಪೂರ್ತಿ ತೆರೆದು ನೋಡಿ. ಹಿನ್ನೆಲೆ ಬೂದು ಇದ್ದರೆ ಬಿಲ್ಲೆ ಚಿಕ್ಕದಾಗಿದೆ ಅಥವಾ ನಡುವಿನಿಂದ ಸರಿದಿದೆ. ಡಾರ್ಕ್‌ಫೀಲ್ಡಿನಲ್ಲಿ ಗಾಜಿನ ಮೇಲಿನ ಒಂದೊಂದು ಧೂಳಿನ ಕಣವೂ ನಕ್ಷತ್ರ. ಸ್ಲೈಡನ್ನು ಸೋಪು ನೀರಿನಲ್ಲಿ ತೊಳೆದು ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ.

ಫೋನಿನಲ್ಲಿ ಪ್ರೊ ಮೋಡ್ ಬಳಸಿ. ಮುಖ್ಯ ಲೆನ್ಸ್ ಮಾತ್ರ, ತಾನಾಗಿ ಮ್ಯಾಕ್ರೋಗೆ ಹಾರುವುದನ್ನು ಆಫ್ ಮಾಡಿ, ಸ್ಟೆಬಿಲೈಸೇಶನ್ ಮತ್ತು ಎಚ್‌ಡಿಆರ್ ಕೂಡ ಆಫ್. ಫೋಕಸ್ ಅನಂತಕ್ಕೆ, ವೈಟ್ ಬ್ಯಾಲೆನ್ಸ್ ಲಾಕ್. ಫೋನನ್ನು ಐಪೀಸಿನಿಂದ ಮೇಲೆ ಕೆಳಗೆ ಸರಿಸಿ, ಬೆಳಕಿನ ವೃತ್ತ ಅತಿ ದೊಡ್ಡದಾಗಿ ಅಂಚು ಚೂಪಾದಲ್ಲಿ ಬಿಗಿದು, ವೃತ್ತದ ಅಂಚು ಮರೆಯಾಗುವಷ್ಟು ಮಾತ್ರ ಜೂಮ್ ಮಾಡಿ. ರೆಕಾರ್ಡ್ ಬಟನ್ ಒತ್ತಿದಾಗಿನ ಅಲುಗಾಟ ತಪ್ಪಿಸಲು ಇಯರ್‌ಫೋನಿನ ವಾಲ್ಯೂಮ್ ಬಟನ್ ಸಾಕು.

ಶಟರ್ ವೇಗಕ್ಕೂ ಲೆಕ್ಕವಿದೆ. ಪ್ಯಾರಮೀಸಿಯಂ ಸೆಕೆಂಡಿಗೆ ಸುಮಾರು 1 ಮಿ.ಮೀ. ಈಜುತ್ತದೆ. 1/50 ಸೆಕೆಂಡ್ ಶಟರಿನಲ್ಲಿ ಅದು 20 ಮೈಕ್ರಾನ್ ಬಳಿದುಕೊಂಡು ಹೋಗುತ್ತದೆ. 1/500ರಲ್ಲಿ 2 ಮೈಕ್ರಾನ್. ಹಾಗೆಂದು 1/500 ಇಟ್ಟ ಕೂಡಲೇ ಪರದೆ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ದೀಪವೇ ಮಿನುಗುತ್ತಿದೆ ಎಂದರ್ಥ. ನಮ್ಮ ಕರೆಂಟು 50 ಹರ್ಟ್ಜ್, ಸರಿಯಾಗಿ ಡಿಸಿ ಮಾಡದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪವರ್ ಬ್ಯಾಂಕಿನಿಂದ ನಡೆಯುವ ಯುಎಸ್‌ಬಿ ದೀಪ ಹಾಕಿ. ಅದರಲ್ಲೂ ಪಟ್ಟೆ ಬಂದರೆ ತಪ್ಪು ಡಿಮ್ಮರಿನದು: ಬೆಳಕನ್ನು ಪೂರ್ತಿ ಏರಿಸಿ, ಹೆಚ್ಚಾದದ್ದನ್ನು ಬಟರ್ ಪೇಪರಿನ ಪದರ ಹಾಕಿ ತಗ್ಗಿಸಿ.

ಹಿಂಬಾಲಿಸುವಾಗ ಬಲಗೈ ಸ್ಟೇಜ್ ತಿರುಪಿನಲ್ಲಿ, ಎಡಗೈ ಫೈನ್ ಫೋಕಸಿನಲ್ಲಿ. ಚಿತ್ರ ತಿರುವುಮುರುವು ಇರುವುದಕ್ಕೆ ಕೈ ಒಂದು ವಾರದಲ್ಲಿ ಒಗ್ಗುತ್ತದೆ. 40ಎಕ್ಸಿನಲ್ಲಿ ಕಾಣುವ ಜಾಗ ಅರ್ಧ ಮಿ.ಮೀ. ಕೂಡ ಇಲ್ಲ, ಪ್ಯಾರಮೀಸಿಯಂ ಅದನ್ನು ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಬೆನ್ನಟ್ಟುವುದಕ್ಕಿಂತ ಬ್ಯಾಕ್ಟೀರಿಯಾ ಗುಂಪಿಗೆ ಫೋಕಸ್ ಮಾಡಿ ಸುಮ್ಮನಿರುವುದು ಲೇಸು. ಮೇಯಲು ಬಂದ ಜೀವಿ ಅಲ್ಲೇ ನಿಲ್ಲುತ್ತದೆ. ಆಗ ಮೈಯ ಎರಡೂ ತುದಿಯ ಕಡೆ ನಕ್ಷತ್ರದಂಥ ಕಾಲುವೆಗಳ ನಡುವೆ ನೀರು ಹೊರಹಾಕುವ ಚೀಲಗಳು ಸರದಿಯಂತೆ ತುಂಬಿ ಖಾಲಿಯಾಗುವುದು ಸಿಗುತ್ತದೆ. ಆಬ್ಜೆಕ್ಟಿವಿಗೊಂದರಂತೆ, ಜೂಮ್ ಬದಲಿಸದೆ, ಸ್ಟೇಜ್ ಮೈಕ್ರೊಮೀಟರಿನ (ಅಳತೆಯ ಗೆರೆ ಕೊರೆದ ಸ್ಲೈಡು) 10 ಮೈಕ್ರಾನ್ ಗೆರೆಗಳನ್ನೂ ಹತ್ತು ಸೆಕೆಂಡು ಹಿಡಿದಿಡಿ, ಅಳತೆಯಿಲ್ಲದ ವಿಡಿಯೋದಿಂದ ಜೀವಿ ಗುರುತಿಸುವುದು ಕಷ್ಟ.

ಎಲ್ಲಕ್ಕಿಂತ ತಾಳ್ಮೆ ಬೇಡುವುದು ತನ್ನದೇ ಸಣ್ಣ ಕಾಂಡದ ಮೇಲೆ ನಿಲ್ಲುವ ಗಂಟೆಯಾಕಾರದ ಏಕಕೋಶ ಜೀವಿ ವೊರ್ಟಿಸೆಲ್ಲಾ. ಅಂತರಗಂಗೆಯ ಬೇರಿನ ತುದಿ ಅರ್ಧ ಸೆಂ.ಮೀ. ಕತ್ತರಿಸಿ ಇಟ್ಟರೆ ಕಾಂಡದ ಮೇಲೆ ಗಂಟೆ ಕಟ್ಟಿದಂತೆ ಸಾಲಾಗಿ ನಿಂತಿರುತ್ತವೆ. ಬೇರು ದಪ್ಪವಿರುವುದರಿಂದ ಇಲ್ಲಿ ಮೂಲೆಗಳ ವ್ಯಾಸಲೀನ್ ಚುಕ್ಕೆ ಎತ್ತರವಿರಲಿ, ಆಬ್ಜೆಕ್ಟಿವ್ 10ಎಕ್ಸ್. ಕವರ್‌ಸ್ಲಿಪ್ ಹಾಕಿದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ, ಮುದುಡಿದ್ದವು ಒಂದೊಂದಾಗಿ ಅರಳುತ್ತವೆ. ಸ್ಟೇಜಿಗೆ ಬೆರಳಿನಿಂದ ಒಮ್ಮೆ ಮೆಲ್ಲಗೆ ತಟ್ಟಿದರೆ ಕಾಂಡ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಸೆಕೆಂಡಿಗೆ 30 ಫ್ರೇಮಿನಲ್ಲಿ ಹಿಡಿದರೆ ಒಂದು ಚಿತ್ರದಲ್ಲಿ ನೆಟ್ಟಗೆ, ಮುಂದಿನದರಲ್ಲಿ ಸುರುಳಿ. ನಡುವೆ ಏನಾಯಿತೆಂದೇ ತಿಳಿಯುವುದಿಲ್ಲ. 240 ಫ್ರೇಮಿಗೆ ಒಂದು ಫ್ರೇಮ್ ಎಂದರೆ 4 ಮಿಲಿಸೆಕೆಂಡು ಚಿಲ್ಲರೆ, ಕುಗ್ಗುವ ನಡುವಿನ ಎರಡು ಮೂರು ಹಂತ ಸಿಗುತ್ತವೆ. ಸುರುಳಿ ಬಿಚ್ಚಿಕೊಳ್ಳಲು ಕೆಲವು ಸೆಕೆಂಡುಗಳೇ ಬೇಕು, ಬಾಯಿಯ ಸುತ್ತಿನ ಸಿಲಿಯಾ ಮತ್ತೆ ಬಡಿಯಲು ಶುರುವಾಗುವವರೆಗೆ ಯಾವ ನಾಬನ್ನೂ ಮುಟ್ಟದೆ ರೆಕಾರ್ಡಿಂಗ್ ನಡೆಯಲು ಬಿಡಿ.