ಪ್ರಿಂಟರ್ ಕಾಣುತ್ತೆ, ಪ್ರಿಂಟ್ ಬರಲ್ಲ

ರಾಯಚೂರಿನ ನಮ್ಮ ಮನೆಯಲ್ಲಿ ಪ್ರಿಂಟರ್ ಒಂದೇ. ಕೆಳಗಿನ ಕೋಣೆಯ ಉಬುಂಟು (ಲಿನಕ್ಸ್‌ನ ಒಂದು ಬಗೆ) ಕಂಪ್ಯೂಟರಿಗೆ ಯುಎಸ್‌ಬಿ ವೈರಿನಲ್ಲಿ ಜೋಡಿಸಿದೆ. ಮಾಳಿಗೆ ಮೇಲೆ ತಮ್ಮನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಪ್ರಿಂಟರಿನ ಹೆಸರೇನೋ ಕಾಣುತ್ತಿತ್ತು. ಹೊಲದ ಪಹಣಿ ಪ್ರಿಂಟ್ ಕೊಟ್ಟರೆ ಮಾತ್ರ ಕ್ಯೂನಲ್ಲೇ ಕೂತಿರುತ್ತಿತ್ತು. "ಬಿಡಣ್ಣ, ಪೆನ್‌ಡ್ರೈವಲ್ಲೇ ತರ್ತೀನಿ" ಅಂದ.

ಲಿನಕ್ಸ್‌ನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್ ಎಂಬ ಸಾಫ್ಟ್‌ವೇರ್. ಕೆಳಗಿನ ಕಂಪ್ಯೂಟರಿನ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:631 ಅಂತ ಹೊಡೆದರೆ ಅದರ ಪುಟ ಬರುತ್ತದೆ. ಅಡ್ಮಿನಿಸ್ಟ್ರೇಷನ್‌ನಲ್ಲಿ ಶೇರಿಂಗ್ ಟಿಕ್ ಇತ್ತು. ಪ್ರಿಂಟರಿಗೆ ಬೇರೆಯದೇ ಒಂದು ಟಿಕ್ ಇರುತ್ತದೆ, ಅದೂ ಇತ್ತು.

ತಡೆದದ್ದು ಫೈರ್‌ವಾಲ್, ಅಂದರೆ ನೆಟ್‌ವರ್ಕಿನಿಂದ ಒಳಬರುವುದನ್ನು ತಡೆಯುವ ಕಾವಲು. ಪ್ರಿಂಟರಿನ ಹೆಸರು ಮನೆ ತುಂಬ ಸಾರುವುದು ಅವಾಹಿ ಎಂಬ ಸಾಫ್ಟ್‌ವೇರ್, ಯುಡಿಪಿ 5353 ಪೋರ್ಟಿನಲ್ಲಿ (ಪೋರ್ಟ್ ಅಂದರೆ ನೆಟ್‌ವರ್ಕಿನ ಬಾಗಿಲು ನಂಬರ್). ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂ ಅದನ್ನು ತಾನಾಗಿಯೇ ಬಿಡುತ್ತದೆ. ಆದರೆ ಫೈಲ್ ಬರಬೇಕಾದ್ದು ಟಿಸಿಪಿ 631 ಪೋರ್ಟಿನಲ್ಲಿ, ಅದು ಬಂದ್! ಊಟಕ್ಕೆ ಡಂಗುರ ಸಾರಿ ಬಾಗಿಲಿಗೆ ಬೀಗ ಹಾಕಿದ ಹಾಗೆ. ಮನೆಯ ನೆಟ್‌ವರ್ಕಿಗಷ್ಟೇ 631 ತೆರೆದೆ. ಸುಮ್ನೆ ಎಲ್ಲರಿಗೂ ತೆರೆಯುವುದು ಯಾಕೆ, ಅಲ್ವಾ? ಸ್ವಲ್ಪ ಹೊತ್ತಿಗೆ ಪಹಣಿ ಹೊರಬಂತು.

ಲ್ಯಾಪ್‌ಟಾಪಿಗೆ ಡ್ರೈವರ್ ಹಾಕಬೇಕಾಗಲಿಲ್ಲ, ಆ ಕೆಲಸ ಕೆಳಗಿನ ಕಂಪ್ಯೂಟರಿನದ್ದೇ. ಪ್ರಿಂಟರನ್ನು ಕೆಳಗಿನ ಕಂಪ್ಯೂಟರಿನ ಐಪಿ ನಂಬರಿನಿಂದ ಸೇರಿಸಬೇಡಿ. ಕರೆಂಟ್ ಹೋಗಿ ಬಂದಾಗ ರೌಟರ್ ಬೇರೆ ನಂಬರ್ ಕೊಡಬಹುದು. ಡಾಟ್ ಲೋಕಲ್ (.local) ಅಂತ ಕೊನೆಯಾಗುವ ಅದರ ಹೆಸರಿನಿಂದ ಸೇರಿಸಿದರೆ ಆ ತಲೆನೋವಿಲ್ಲ.