ಕಫ್‌ಲಿಂಕ್ ಕೈಗೆ ಬಂದರೆ ಮೊದಲು ಹಿಂಬದಿ ನೋಡುತ್ತೇನೆ

ಶರ್ಟಿನ ತೋಳಿನ ತುದಿಗೆ ಗುಂಡಿಯ ಬದಲು ಹಾಕುವ ಹರಳಿನ ಕಫ್‌ಲಿಂಕ್ ಕೈಗೆ ಬಂದ ಕೂಡಲೇ ನಾನು ಅದನ್ನು ಮಗುಚಿ ಹಿಡಿಯುತ್ತೇನೆ. ಹರಳನ್ನು ಆಮೇಲೆ ನೋಡಬಹುದು. ಹಿಂದೆ ಕೊಂಡಿ ಹೇಗಿದೆ, ಬೆಸುಗೆ ಎಲ್ಲಿ ಬಿದ್ದಿದೆ, ಲೋಹದ ಶುದ್ಧತೆಯ ಮುದ್ರೆ ಏನಿದೆ, ಇಷ್ಟು ತಿಳಿದರೆ ಕೊಳ್ಳಬೇಕೋ ಬೇಡವೋ ಅನ್ನೋದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ.

ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಬಂದು ನೆಲೆಸಿದವನು ನಾನು. ಆಫೀಸಿಗೆ ಡಬಲ್ ಕಫ್ ಶರ್ಟ್, ಅಂದರೆ ತೋಳಿನ ತುದಿ ಮಡಚಿ ಕಫ್‌ಲಿಂಕ್ ಹಾಕುವ ಶರ್ಟ್, ಹಾಕುವ ಅಭ್ಯಾಸವಾಯಿತು. ಊರಿನೊಳಗೇ ಜ್ಯುವೆಲರಿ ಕ್ವಾರ್ಟರ್ ಇದೆ. ಇಂಗ್ಲೆಂಡಿನ ಒಡವೆ ಕೆಲಸದ ದೊಡ್ಡ ಪಾಲು ನಡೆದದ್ದು, ಈಗಲೂ ನಡೆಯುತ್ತಿರುವುದು ಇಲ್ಲಿಯೇ. 1786ರಲ್ಲಿ ಶುರುವಾದ ಡೀಕಿನ್ ಅಂಡ್ ಫ್ರಾನ್ಸಿಸ್ ಇವತ್ತಿಗೂ ಇಲ್ಲಿ ಕಫ್‌ಲಿಂಕ್ ಮಾಡುತ್ತದೆ. ಹಳೆಯದನ್ನು ಹುಡುಕುವುದು, ಹೊಸದನ್ನು ಮಾಡಿಸುವುದು, ಎರಡರ ರುಚಿಯೂ ನನಗೆ ಇಲ್ಲೇ ಹತ್ತಿತು.

ವ್ಯಾಪಾರದಲ್ಲಿ ನೂರು ವರ್ಷ ದಾಟಿದ್ದನ್ನು ಆಂಟಿಕ್ ಅನ್ನುತ್ತಾರೆ. ಅದಕ್ಕಿಂತ ಈಚಿನದು, ಆದರೆ ಹೊಸದಲ್ಲ ಅನ್ನುವುದೆಲ್ಲ ವಿಂಟೇಜ್. ಈ ಎರಡನೆಯ ಪದವನ್ನು ಅಂಗಡಿಯವರು ಬಹಳ ಸಡಿಲವಾಗಿ ಬಳಸುತ್ತಾರೆ. ಹಾಗಾಗಿ ಚೀಟಿಯಲ್ಲಿ ಬರೆದದ್ದನ್ನು ಬದಿಗಿಟ್ಟು, ವಸ್ತುವನ್ನೇ ನೋಡಿ ಕಾಲ ತಿಳಿಯುವುದನ್ನು ಕಲಿಯಬೇಕು. ಅದಕ್ಕೆ ಕೊಂಡಿಯೇ ಮೊದಲ ಸಾಕ್ಷಿ.

ವಿಕ್ಟೋರಿಯಾ ರಾಣಿಯ ಕಾಲದವು (1837–1901), ಅದರ ನಂತರದ ಎಡ್ವರ್ಡಿಯನ್ ಕಾಲದವು (1910ರವರೆಗೆ) ಹೆಚ್ಚಾಗಿ ಎರಡು ಮುಖದವು. ಎರಡು ಬಿಲ್ಲೆ, ನಡುವೆ ಪುಟ್ಟ ಚೈನು. ತೋಳಿನ ಎರಡೂ ಕಡೆ ಹರಳು ಕಾಣುತ್ತದೆ. ಹಾಕಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು, ಆದರೆ ಮಣಿಕಟ್ಟಿನ ಮೇಲೆ ಇಷ್ಟು ಚೆನ್ನಾಗಿ ಕೂರುವುದು ಬೇರೊಂದಿಲ್ಲ. 1920ರ ದಶಕದಲ್ಲಿ ಟಿಚ್ ಬಟನ್ ಥರ ಒತ್ತಿ ಸೇರಿಸುವ ಬಗೆ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಟಲ್‌ಬರೋದಲ್ಲಿ ಬೇರ್ ಅಂಡ್ ವೈಲ್ಡ್ ಕಂಪನಿ 'ಕಮ್-ಎ-ಪಾರ್ಟ್' ಅನ್ನುವ ಹೆಸರಿನಲ್ಲಿ ಇವನ್ನು ಮಾರಿತು. ಮುಂದೆ ಇದೇ ಕಂಪನಿ ಸ್ವ್ಯಾಂಕ್ ಆಯಿತು. ಎನಾಮೆಲ್ ಬಣ್ಣ, ಜಾಮಿತಿಯ ಗೆರೆ ಇರುವ ಈ ಜೋಡಿಗಳು ನೋಡಲು ಬಹಳ ಸೊಗಸು. ಆದರೆ ಒಳಗಿನ ಸ್ಪ್ರಿಂಗ್ ಸಡಿಲವಾಗಿದ್ದರೆ ನಾನು ಕೊಳ್ಳುವುದಿಲ್ಲ, ಬಿಚ್ಚಿಕೊಂಡು ಬಿದ್ದು ಹೋಗುತ್ತದೆ. ಹಿಂದೆ ತಿರುಗುವ ಅಡ್ಡಪಟ್ಟಿ ಇರುವುದು ಇವತ್ತು ಎಲ್ಲರಿಗೂ ಪರಿಚಯವಾದ ಬಗೆ. ಹಾಕಲು ಸುಲಭ, ಆದರೆ ಹರಳು ಒಂದೇ ಕಡೆ.

ಚೈನಿನ ಜೋಡಿಯಲ್ಲಿ ನಾನು ಬಿಡದೆ ನೋಡುವುದು ಎರಡು. ಒಂದು, ಚೈನಿನ ಕೊಂಡಿಗಳು ಎಷ್ಟು ಸವೆದಿವೆ ಅಂತ. ಚೈನನ್ನು ಸ್ವಲ್ಪ ಎಳೆದು ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಕೊಂಡಿಗೆ ಕೊಂಡಿ ಉಜ್ಜಿ ತೆಳುವಾದ ಜಾಗ ಕಾಣುತ್ತದೆ. ಇನ್ನೊಂದು ಉದ್ದ. ಹಳೆಯ ಚೈನುಗಳು ಕೆಲವು ತೀರಾ ಗಿಡ್ಡ. ಈಗಿನ ದಪ್ಪ ಬಟ್ಟೆಯ ಡಬಲ್ ಕಫ್ ನಾಲ್ಕು ಪದರ ಆಗುತ್ತದೆ, ಅದರೊಳಗೆ ಹೋಗುವುದೇ ಇಲ್ಲ. ಅದಕ್ಕೇ ಹುಡುಕಲು ಹೊರಟ ದಿನ ಡಬಲ್ ಕಫ್ ಶರ್ಟನ್ನೇ ಹಾಕಿಕೊಂಡು ಹೋಗುತ್ತೇನೆ. ಅಲ್ಲೇ ಹಾಕಿ ನೋಡಿದರೆ ವಾದವೇ ಇರುವುದಿಲ್ಲ.

ಆಮೇಲೆ ಬೆಸುಗೆ. ಚಿನ್ನದ ಮೇಲೆ ಬೂದು ಬಣ್ಣದ ಉಂಡೆ ಕಂಡರೆ, ಯಾರೋ ಸೀಸದ ಬೆಸುಗೆ ಹಾಕಿ ರಿಪೇರಿ ಮಾಡಿದ್ದಾರೆ ಅಂತ. ಮುಂದೆ ಅದನ್ನು ಸರಿಪಡಿಸಲು ಬಿಸಿ ಮಾಡಿದರೆ ಸೀಸ ಚಿನ್ನವನ್ನೇ ತಿನ್ನುತ್ತದೆ. ಬೆಲೆ ಎಷ್ಟು ಕಮ್ಮಿ ಹೇಳಿದರೂ ನಾನು ಅಂಥದ್ದನ್ನು ವಾಪಸ್ ಕೊಡುತ್ತೇನೆ. ಚಿನ್ನದ ಬೆಸುಗೆಯಲ್ಲೇ ನೀಟಾಗಿ ಮಾಡಿದ ಹಳೆಯ ರಿಪೇರಿ ಇದ್ದರೆ ನನ್ನ ತಕರಾರಿಲ್ಲ. ನೂರು ವರ್ಷ ಬಳಸಿದ ವಸ್ತು ಒಮ್ಮೆ ರಿಪೇರಿ ಕಾಣುವುದು ಸಹಜ ಅಲ್ವಾ? ಈಗ ಲೇಸರ್ ಬೆಸುಗೆ ಬಂದಿರುವುದರಿಂದ ಹರಳನ್ನು ತೆಗೆಯದೆಯೇ ಚೈನು ಸರಿ ಮಾಡಿಸಬಹುದು.

ಮುದ್ರೆಗಳ ವಿಷಯ ನನಗೆ ಬಹಳ ಇಷ್ಟ. 1773ರವರೆಗೆ ಬರ್ಮಿಂಗ್‌ಹ್ಯಾಮ್‌ನ ಕುಶಲಕರ್ಮಿಗಳು ಬೆಳ್ಳಿ ಸಾಮಾನನ್ನು ಮುದ್ರೆಗಾಗಿ ಚೆಸ್ಟರ್‌ಗೋ ಲಂಡನ್ನಿಗೋ ಕಳಿಸಬೇಕಿತ್ತು. ಊರಿನ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ಪಾರ್ಲಿಮೆಂಟಿನ ಹಿಂದೆ ಬಿದ್ದು, ಲೋಹದ ಶುದ್ಧತೆ ಪರೀಕ್ಷಿಸಿ ಮುದ್ರೆ ಹಾಕುವ ಅಸ್ಸೇ ಆಫೀಸ್ ಒಂದನ್ನು ಊರಿಗೇ ತಂದ. ಅದರ ಗುರುತು ಲಂಗರು. ಕಡಲೇ ಇಲ್ಲದ ಊರಿಗೆ ಲಂಗರು! ಲಂಡನ್ನಿಗೆ ಚಿರತೆಯ ತಲೆ, ಎಡಿನ್‌ಬರೋಗೆ ಕೋಟೆ, ಶೆಫೀಲ್ಡ್‌ಗೆ ಈಗ ಗುಲಾಬಿ. ಚೆಸ್ಟರ್ ಆಫೀಸ್ 1962ರಲ್ಲಿ ಮುಚ್ಚಿತು. ಅಂದ ಮೇಲೆ ಮೂರು ಗೋಧಿ ಸಿವುಡು, ನಡುವೆ ಕತ್ತಿ ಇರುವ ಮುದ್ರೆ ಕಂಡರೆ, ಆ ಕಫ್‌ಲಿಂಕ್ ಅದಕ್ಕಿಂತ ಹಳೆಯದು. ಇದರ ಜೊತೆಗೆ ವರ್ಷಕ್ಕೊಂದು ಅಕ್ಷರ ಬದಲಾಗುತ್ತದೆ. ಅಕ್ಷರದ ಆಕಾರ, ಸುತ್ತಲಿನ ಚೌಕಟ್ಟು ಎರಡನ್ನೂ ಪಟ್ಟಿಯಲ್ಲಿ ಹೊಂದಿಸಿದರೆ ವರ್ಷವೇ ಸಿಗುತ್ತದೆ.

ಅಕ್ಷರ ಸವೆದು ಹೋಗಿದ್ದರೂ ಚಿನ್ನದ ಗುಣಮಟ್ಟವೇ ಕಾಲ ಹೇಳುವುದುಂಟು. ಇಂಗ್ಲೆಂಡಿನಲ್ಲಿ 15 ಕ್ಯಾರಟ್ ಚಿನ್ನಕ್ಕೆ ಮುದ್ರೆ ಹಾಕಿದ್ದು 1854ರಿಂದ 1932ರವರೆಗೆ ಮಾತ್ರ. ಆಮೇಲೆ ಅದರ ಜಾಗಕ್ಕೆ 14 ಬಂತು. ಹಾಗಾಗಿ '15' ಮತ್ತು '.625' (ಸಾವಿರಕ್ಕೆ 625 ಪಾಲು ಚಿನ್ನ) ಜೊತೆಯಾಗಿ ಕಂಡರೆ ನನ್ನ ಕಿವಿ ನಿಮಿರುತ್ತದೆ. ನಮ್ಮ ಕಡೆಯವರಿಗೆ 9 ಕ್ಯಾರಟ್ ಅಂದರೆ ಮುಖ ಸಿಂಡರಿಸುವ ರೂಢಿ. ನೂರಕ್ಕೆ ಮೂವತ್ತೇಳೂವರೆ ಪಾಲು ಮಾತ್ರ ಚಿನ್ನ ನಿಜ. ಆದರೆ ಅದು ಗಟ್ಟಿ ಲೋಹ, ದಿನಾ ಉಜ್ಜಾಟ ತಡೆಯುವ ವಸ್ತುವಿಗೆ ಹೊಂದುತ್ತದೆ. ಅಮೆರಿಕದ ವಿಂಟೇಜ್ ಜೋಡಿಗಳಲ್ಲಿ '1/20 12ಕೆ ಜಿಎಫ್' (ಗೋಲ್ಡ್ ಫಿಲ್ಡ್) ಅಂತ ಇದ್ದರೆ ಮಾತ್ರ ಹುಷಾರು. ಇಡೀ ತೂಕದ ಇಪ್ಪತ್ತರಲ್ಲಿ ಒಂದು ಪಾಲು 12 ಕ್ಯಾರಟ್ ಚಿನ್ನದ ಹೊದಿಕೆ, ಉಳಿದದ್ದು ಬೇರೆ ಲೋಹ. ಹಾಕಿಕೊಳ್ಳಲು ಚೆನ್ನ, ಚಿನ್ನದ ಬೆಲೆ ಕೊಡಬೇಡಿ.

ಇನ್ನು ಹರಳು. ಕಫ್‌ಲಿಂಕಿನ ಹರಳು ದಿನವಿಡೀ ಮೇಜಿನ ಅಂಚಿಗೆ, ಲ್ಯಾಪ್‌ಟಾಪಿಗೆ, ಕಾರಿನ ಬಾಗಿಲಿಗೆ ತಾಗುತ್ತಲೇ ಇರುತ್ತದೆ. ಕಿವಿಯೋಲೆಯ ಹರಳಿಗೆ ಈ ಕಷ್ಟ ಇಲ್ಲ. ಧೂಳಿನಲ್ಲಿ ಸ್ಫಟಿಕದ ಕಣ ಇರುತ್ತದೆ, ಹತ್ತರವರೆಗಿನ ಮೋಸ್ ಅಳತೆಯಲ್ಲಿ ಅದರ ಗಡಸುತನ 7. ಅದಕ್ಕಿಂತ ಮೃದುವಾದ ಹರಳಿನ ಮೇಲೆ ಒರೆಸಿದರೂ ಗೀರು ಬೀಳುತ್ತದೆ. ಮಾಣಿಕ್ಯ, ನೀಲ ಎರಡೂ 9, ಯೋಚನೆ ಇಲ್ಲ. ಅಗೇಟ್, ಬ್ಲಡ್‌ಸ್ಟೋನ್, ಟೈಗರ್ಸ್ ಐ, ಅಮೆಥಿಸ್ಟ್ ಇವೆಲ್ಲ 7ರ ಆಸುಪಾಸು, ದಿನದ ಬಳಕೆಗೆ ನಡೆಯುತ್ತವೆ. ಲಾಪಿಸ್ 5ರ ಹತ್ತಿರ, ಮ್ಯಾಲಕೈಟ್ ಇನ್ನೂ ಕಮ್ಮಿ, ಮುತ್ತು 2.5ರ ಸುಮಾರು. ಮುತ್ತಿಗೆ ಬೆವರೂ ಆಗುವುದಿಲ್ಲ, ಸೆಂಟೂ ಆಗುವುದಿಲ್ಲ. ಸಂಜೆಯ ಸಮಾರಂಭಕ್ಕೆ ಹಾಕಿ, ಬಂದ ಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿಡುತ್ತೇನೆ. ಪಚ್ಚೆಯನ್ನು ಕಫ್‌ಲಿಂಕಿನಲ್ಲಿ ನಾನು ಕೊಳ್ಳುವುದೇ ಇಲ್ಲ. ಗಡಸುತನ ಸಾಕಷ್ಟಿದ್ದರೂ ಒಳಗೆ ಬಿರುಕು ಜಾಸ್ತಿ, ಒಂದೇ ಪೆಟ್ಟಿಗೆ ಚಕ್ಕೆ ಏಳಬಹುದು.

ನಾನು ಹೆಚ್ಚು ಹಾಕುವುದು ಗಾರ್ನೆಟ್. ದುಂಡಗೆ ಒಪ್ಪ ಹಾಕಿದ ಕಡುಗೆಂಪು ಗಾರ್ನೆಟ್, ಸುತ್ತ 9 ಕ್ಯಾರಟ್ ಚಿನ್ನದ ಪಟ್ಟಿ. ಬೆಳಕಿಗೆ ಹಿಡಿದರೆ ಮಾಗಿದ ದಾಳಿಂಬೆ ಕಾಳಿನ ಬಣ್ಣ. ಹರಳನ್ನು ಪಟ್ಟಿ ಸುತ್ತಲೂ ಹಿಡಿದಿದ್ದರೆ ನನಗೆ ಸಮಾಧಾನ. ಪುಟ್ಟ ಉಗುರುಗಳಲ್ಲಿ ಹಿಡಿಸಿದ್ದರೆ ಶರ್ಟಿನ ನೂಲು ಸಿಕ್ಕಿಕೊಂಡು ಉಗುರು ಮೇಲೆದ್ದು, ಹರಳು ಅಲುಗಾಡಲು ಶುರುವಾಗುತ್ತದೆ.

ನೀಲದ ಮಾತು ಬಂದರೆ ನಮ್ಮ ಮಾವನವರ ನೆನಪಾಗುತ್ತದೆ. ನಾನು 1920–30ರ ದಶಕದ ಆರ್ಟ್ ಡೆಕೋ ಶೈಲಿಯ, ನೀಲದ ಹರಳಿನ ಒಂದು ಜೋಡಿ ತೋರಿಸಿದಾಗ ಅವರು, "ನೀಲ ಎಲ್ಲರಿಗೂ ಆಗಿ ಬರಲ್ಲ ಕಣಪ್ಪ, ಮೂರು ದಿನ ದಿಂಬಿನ ಕೆಳಗೆ ಇಟ್ಟು ನೋಡು" ಅಂದರು. ಮನೆಯ ಹಿರಿಯರಿಗೆ ಅಳುಕಿದ್ದರೆ ಅಂಥ ಹರಳನ್ನು ಉಡುಗೊರೆಯಾಗಿ ಕೊಡಬೇಡಿ. ಎಷ್ಟೇ ಒಳ್ಳೆಯದಾದರೂ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ನಾನು ಅವರು ಹೇಳಿದಂತೆ ಇಟ್ಟೆ, ಆಮೇಲೆ ಅವರೇ ಹಾಕಿಕೋ ಅಂದರು.

ಹಳೆಯದು ಅಂದ ಮಾತ್ರಕ್ಕೆ ಹರಳು ಅಸಲಿ ಅಂತ ತಿಳಿಯಬಾರದು. ಫ್ರಾನ್ಸಿನ ವೆರ್ನೂಯ್ ಬೆಂಕಿಯಲ್ಲಿ ಕರಗಿಸಿ ಮಾಣಿಕ್ಯ ಮಾಡುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ. ಅಲ್ಲಿಂದ ಮುಂದಿನ ಒಡವೆಗಳಲ್ಲಿ ಕೃತಕ ಮಾಣಿಕ್ಯ, ಕೃತಕ ನೀಲ ಧಾರಾಳ. ಆಗ ಅವು ಹೊಸ ಬೆರಗು, ಒಳ್ಳೆಯ ಚಿನ್ನದಲ್ಲೇ ಕೂರಿಸುತ್ತಿದ್ದರು. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದಾಗ ಬಾಗಿದ ಗೆರೆಗಳು, ದುಂಡನೆಯ ಗಾಳಿಗುಳ್ಳೆ ಕಂಡರೆ ಕೃತಕ. ಸಹಜ ಹರಳಿನ ಬಣ್ಣದ ಗೆರೆ ನೇರವಾಗಿ, ಮೂಲೆ ಮಾಡಿಕೊಂಡು ಹೋಗುತ್ತದೆ. ವಿಕ್ಟೋರಿಯಾ ಕಾಲದಲ್ಲಿ ಇನ್ನೊಂದು ಉಪಾಯ ಇತ್ತು. ಮೇಲೆ ತೆಳುವಾದ ಗಾರ್ನೆಟ್ ಪದರ, ಕೆಳಗೆ ಬಣ್ಣದ ಗಾಜು. ಬಿಡಿ ಹರಳಾದರೆ ಬಿಳಿ ಕಾಗದದ ಮೇಲೆ ಬೋರಲು ಇಟ್ಟು ನೋಡಿ. ಹಸಿರು ಅಥವಾ ನೀಲಿ ಹರಳಿನ ಅಂಚಿಗೆ ಕೆಂಪು ಉಂಗುರ ಕಂಡರೆ ಗುಟ್ಟು ರಟ್ಟಾಯಿತು.

ವಿಂಟೇಜ್ ಜೋಡಿಗಳಲ್ಲಿ ಆರು ಕಿರಣದ ನಕ್ಷತ್ರ ಹೊಳೆಯುವ ನೀಲಿ ಹರಳು ಬಹಳ ಸಿಗುತ್ತವೆ. ಅಮೆರಿಕದ ಲಿಂಡೆ ಕಂಪನಿ 1947ರಿಂದ ಇಂಥ ಕೃತಕ ಹರಳನ್ನು ಮಾರಿತು. ನಕ್ಷತ್ರ ತೀರಾ ಚೂಪಾಗಿ, ಗೆರೆ ಎಳೆದಂತೆ, ಸರಿಯಾಗಿ ನಡುವಿನಲ್ಲೇ ಇದ್ದರೆ ನನಗೆ ಅನುಮಾನ ಬರುತ್ತದೆ. ಸಹಜ ಹರಳಿನಲ್ಲಿ ಕಿರಣ ಒಂದಿಷ್ಟು ಅಲೆಯುತ್ತದೆ, ಒಂದು ಕಾಲು ಗಿಡ್ಡ ಇರುತ್ತದೆ. ಲಿಂಡೆ ಹರಳು ಕೊಳ್ಳಬಾರದು ಅಂತಲ್ಲ. ಅದಕ್ಕೂ ಅದರದೇ ಕಾಲದ ಚೆಲುವಿದೆ. ಕೃತಕದ ಬೆಲೆಗೆ ಕೊಳ್ಳಿ, ಅಷ್ಟೇ.

ಹಿಂಬದಿ ಪೂರ್ತಿ ಮುಚ್ಚಿದ ಹಳೆಯ ಹರಳುಗಳ ಕೆಳಗೆ ಬಣ್ಣದ ತಗಡು ಇರಬಹುದು. ಅದನ್ನು ನೀರಿಗೆ ಹಾಕಿದರೆ ತಗಡು ಕಪ್ಪಾಗಿ ಹರಳೇ ಸತ್ತ ಹಾಗಾಗುತ್ತದೆ. ಎಸೆಕ್ಸ್ ಕ್ರಿಸ್ಟಲ್‌ಗಳಿಗೂ ಇದೇ ಮಾತು. ಸ್ಫಟಿಕವನ್ನು ಹಿಂದಿನಿಂದ ಕೊರೆದು, ಆ ಗುಳಿಯೊಳಗೆ ನಾಯಿ, ನರಿ, ಕುದುರೆಯ ಚಿತ್ರ ಬರೆದು, ಹಿಂದೆ ಮುತ್ತಿನ ಚಿಪ್ಪು ಕೂರಿಸಿರುತ್ತಾರೆ. ಪಕ್ಕದಿಂದ ನೋಡಿದರೆ ಚಿತ್ರಕ್ಕೆ ಆಳ ಇದೆ, ಪ್ರಾಣಿ ಎದ್ದು ಬಂದ ಹಾಗೆ ಕಾಣುತ್ತದೆ. ಚಿತ್ರ ಚಪ್ಪಟೆಯಾಗಿದ್ದರೆ ಗಾಜಿನ ಕೆಳಗೆ ಅಂಟಿಸಿದ ಮುದ್ರಿತ ಕಾಗದ. ನನ್ನ ಕೈಗೆ ಬಂದ ವಸ್ತುಗಳಲ್ಲಿ ಇದರಷ್ಟು ಸೂಕ್ಷ್ಮ ಕೆಲಸ ಇನ್ನೊಂದಿಲ್ಲ.

ಹುಡುಕಾಟಕ್ಕೆ ಲಂಡನ್ನಿನಲ್ಲಿ ನನಗೆ ಇಷ್ಟವಾದ ಜಾಗ ಬರ್ಮಂಡ್ಸಿ. ಶುಕ್ರವಾರ ನಸುಕಿನಲ್ಲೇ ಸಂತೆ ಶುರು. ಶನಿವಾರ ಪೋರ್ಟೊಬೆಲ್ಲೊ ರಸ್ತೆ. ಕೇಳಬೇಕಾದ ಪ್ರಶ್ನೆ ಒಂದೇ: "ನೀವು ಹೇಳಿದ್ದನ್ನೆಲ್ಲ ರಸೀದಿಯಲ್ಲಿ ಬರೆದುಕೊಡುತ್ತೀರಾ?" ಕಾಲ, ಲೋಹ, ಹರಳು ಮೂರನ್ನೂ ಬರೆದುಕೊಡುವವರ ಹತ್ತಿರ ನಾನು ಜಾಸ್ತಿ ಚೌಕಾಸಿ ಮಾಡುವುದಿಲ್ಲ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಪಾಲು ಸೇರುತ್ತದೆ, ಅದು ಶೇ. 25ರ ಆಸುಪಾಸು ಇರುವುದು ಸಾಮಾನ್ಯ. ಅದನ್ನು ಲೆಕ್ಕ ಹಾಕಿಯೇ ಕೈ ಎತ್ತಬೇಕು.

ಹಳೆಯದರಲ್ಲಿ ಸಿಗದ ಒಂದು ಅವಕಾಶ ಹೊಸದರಲ್ಲಿ ಇದೆ. ಹರಳು, ಕೊಂಡಿ, ಉದ್ದ ಎಲ್ಲವನ್ನೂ ಹಾಕಿಕೊಳ್ಳುವವನಿಗೆ ಹೊಂದಿಸಬಹುದು. ನನ್ನ ಭಾವಮೈದನ ಮದುವೆ ಮೈಸೂರಿನಲ್ಲಿ ಗೊತ್ತಾದಾಗ, ಬಂದ್‌ಗಲಾ ಕೋಟಿನ ತೋಳಿನಿಂದ ಕಾಣುವ ಹಾಗೆ ಒಂದು ಜೋಡಿ ಮಾಡಿಸೋಣ ಅಂದುಕೊಂಡೆ. ಹರಳು ನಮ್ಮ ನೆಲದ್ದೇ ಇರಲಿ ಅನ್ನುವ ಆಸೆ. ಮೈಸೂರು ಸೀಮೆಯಲ್ಲಿ ಸಿಗುವ ಸ್ಟಾರ್ ರೂಬಿ ಪಾರದರ್ಶಕ ಅಲ್ಲ, ನೇರಳೆ ಬೆರೆತ ಮಬ್ಬುಗೆಂಪು. ಬರ್ಮಾದ ಮಾಣಿಕ್ಯದ ಬೆಲೆಗೂ ಇದರ ಬೆಲೆಗೂ ಅಜಗಜಾಂತರ. ಆದರೆ ಬಿಸಿಲಿಗೆ ಹಿಡಿದರೆ ನಕ್ಷತ್ರ ಏಳುತ್ತದೆ. ಗಡಸುತನ ಹೇಗೂ 9. ಗಂಡಸರ ತೋಳಿಗೆ ಆ ಮಬ್ಬು ಬಣ್ಣವೇ ಚೆನ್ನ ಅಂತ ನನ್ನ ಅಭಿಪ್ರಾಯ.

ಕಷ್ಟವಾದದ್ದು ಜೋಡಿ ಹೊಂದಿಸುವುದು. ಎರಡರ ಬಣ್ಣ ಒಂದೇ ಇರಬೇಕು, ಎತ್ತರ ಒಂದೇ ಇರಬೇಕು, ಒಂದೇ ಬೆಳಕಿನಲ್ಲಿ ಎರಡರ ನಕ್ಷತ್ರವೂ ನಡುವಿಗೇ ಬರಬೇಕು. ಅಂಗಡಿಯ ದೀಪದಲ್ಲಿ ಇದು ಗೊತ್ತಾಗುವುದಿಲ್ಲ. ತಟ್ಟೆಯಲ್ಲಿ ಹರಡಿಕೊಂಡು ಹೊರಗೆ ಬಿಸಿಲಿಗೆ ತಂದು ಆರಿಸಿದೆವು. ಬೆಂಗಳೂರಿನ ಅಕ್ಕಸಾಲಿಯವರು "22 ಕ್ಯಾರಟ್ಟಲ್ಲೇ ಮಾಡೋಣ ಸಾರ್, ಮದುವೆ ಅಲ್ವಾ" ಅಂದರು. ನಾನು 18 ಸಾಕು ಅಂದೆ. 22 ಮೆತ್ತಗೆ, ಚೈನಿನ ಕೊಂಡಿ ಬೇಗ ಬಾಯಿ ಬಿಡುತ್ತದೆ. ಅವರು ಎರಡೂ ಬಗೆಯ ತಂತಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ ಒಪ್ಪಿದರು. ಹರಳಿನ ಸುತ್ತ ಪಟ್ಟಿ, ಹಿಂದೆ ತೆರೆದ ಕಿಂಡಿ, ನಡುವೆ ಚೈನು, ಇನ್ನೊಂದು ತುದಿಗೆ ಹರಳಿಲ್ಲದ ಚಿನ್ನದ ಗುಂಡು. ಭಾರತದ ಶುದ್ಧತೆಯ ಮುದ್ರೆಯಾದ ಬಿಐಎಸ್ ಮುದ್ರೆಗೆ ಕಳಿಸುವ ಮೊದಲು ಚೈನನ್ನು ಮದುಮಗನ ಶರ್ಟಿಗೇ ಹಾಕಿ ನೋಡಿ, ಎರಡು ಕೊಂಡಿ ಹೆಚ್ಚಿಸಿದೆವು. ಮುದ್ರೆಯ ಪಕ್ಕದಲ್ಲಿ 750 (ಸಾವಿರಕ್ಕೆ 750 ಪಾಲು ಚಿನ್ನ) ಮತ್ತು ಆ ಒಡವೆಗೇ ಮೀಸಲಾದ ಆರು ಅಕ್ಷರದ ಎಚ್‌ಯುಐಡಿ ಸಂಖ್ಯೆ ಇದೆ, ಅದನ್ನು ರಸೀದಿಯ ಜೊತೆ ಬರೆದಿಟ್ಟುಕೊಳ್ಳಲು ಅವನಿಗೆ ಹೇಳಿದ್ದೇನೆ.