ಅಡಿಕೆ ಪಾಲಿಹೌಸಿನಲ್ಲಿ ರೇಸಿನ ತಯಾರಿ: ನನ್ನ ಅನುಭವ

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ನಾಲ್ಕು ತಾಸಿನ ಓಟವನ್ನು ಈ ಸಲ ನಮ್ಮ ಕಾರು ಪೂರ್ತಿ ಓಡಿತು. ನೂರಕ್ಕೆ ತುಸು ಮೇಲೆ ಸುತ್ತುಗಳಾದವು, ನಮ್ಮ ವರ್ಗದಲ್ಲಿ ನಾಲ್ಕನೆಯ ಸ್ಥಾನ ಬಂತು. ಹಿಂದಿನ ಎರಡು ವರ್ಷ ಅರ್ಧದಲ್ಲೇ ಕಾರನ್ನು ಲಾರಿಗೆ ಏರಿಸಿಕೊಂಡು ಶಿರಸಿಗೆ ಮರಳಿದ್ದೆವು. ಟ್ರ್ಯಾಕಿಗೆ ಹೋಗದೆ ಊರಲ್ಲೇ ಟೆಸ್ಟಿಂಗ್ ಮಾಡುತ್ತೇವೆಂದಾಗ ಪರಿಚಯದ ರೇಸ್ ಮೆಕ್ಯಾನಿಕ್‌ಗಳೂ ನಂಬಲಿಲ್ಲ, ಮನೆಯವರೂ ನಂಬಲಿಲ್ಲ.

ದುಡ್ಡೇ ಮೊದಲ ಕಾರಣ. ಶಿರಸಿಯಿಂದ ಅಲ್ಲಿಗೆ ಏಳುನೂರು ಕಿಲೋಮೀಟರಿನಷ್ಟು ದಾರಿ. ಲಾರಿ ಬಾಡಿಗೆ, ಟ್ರ್ಯಾಕಿನ ಬಾಡಿಗೆ, ಟಯರು, ಪೆಟ್ರೋಲು, ಐದು ಜನರ ಊಟ ವಸತಿ ಎಲ್ಲ ಸೇರಿ ಒಂದು ದಿನದ ಟೆಸ್ಟಿಂಗಿಗೆ ಒಂದೂಕಾಲು ಲಕ್ಷ ಹೋಗುತ್ತಿತ್ತು. ಅಮೆರಿಕದ ಡೇಟೋನಾ ಟ್ರ್ಯಾಕಿನ 24 ತಾಸಿನ ಓಟಕ್ಕೆ ಮೊದಲು ಜನವರಿಯಲ್ಲಿ ತಂಡಗಳೆಲ್ಲ ಅದೇ ಟ್ರ್ಯಾಕಿನಲ್ಲಿ ದಿನಗಟ್ಟಲೆ ಓಡಿಸುತ್ತವೆ. ನಮಗೆ ವರ್ಷಕ್ಕೆ ಒಂದು ದಿನ ಸಿಕ್ಕರೆ ಹೆಚ್ಚು. ಆ ಒಂದು ದಿನವನ್ನು ಸಸ್ಪೆನ್ಷನ್ನಿಗೆ ಮೀಸಲಿಟ್ಟು ಉಳಿದದ್ದನ್ನೆಲ್ಲ ಮನೆಯಲ್ಲೇ ಮುಗಿಸಬೇಕೆಂದು ನಿಶ್ಚಯಿಸಿದೆ.

ಹಿಂದೆ ಸೋತದ್ದು ವೇಗದಲ್ಲಲ್ಲ. ಮೊದಲ ವರ್ಷ ಭಾವನೇ ಕುಸಿದ. ನನ್ನ ತಂಗಿಯ ಗಂಡನೇ ನಮ್ಮ ಮುಖ್ಯ ಚಾಲಕ. ನಲವತ್ತು ನಿಮಿಷ ಓಡಿಸುವಷ್ಟರಲ್ಲಿ ತೊಡೆಯ ಸ್ನಾಯು ಹಿಡಿದುಕೊಂಡು ಕ್ಲಚ್ ತುಳಿಯಲಾಗಲಿಲ್ಲ. ಎರಡನೆಯ ವರ್ಷ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು. ಆ ತಪ್ಪು ನನ್ನದು. ಮಳೆಗಾಲದಲ್ಲಿ ತೆರೆದಿಟ್ಟ ಬ್ರೇಕ್ ಆಯಿಲ್ ಡಬ್ಬಿಯನ್ನೇ ಬಳಸಿದ್ದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ನೀರು ಹೀರಿಕೊಂಡರೆ 155ಕ್ಕೇ ಕುದಿದು ಪೆಡಲಿನ ಹಿಡಿತ ತಪ್ಪಬಹುದು. ಶಿರಸಿಯ ಆಷಾಢದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ಬ್ರೇಕ್ ಆಯಿಲ್ ಉಳಿಯುವುದುಂಟೇ? ಈಗ ಓಟದ ಹಿಂದಿನ ದಿನವೇ ಹೊಸ ಡಬ್ಬಿ ಒಡೆಯುತ್ತೇನೆ. ಮುಂದಿನ ಬ್ರೇಕುಗಳಿಗೆ ಗಾಳಿಯ ಕೊಳವೆಯನ್ನೂ ಹಾಕಿದೆ. ಅದರ ಬಾಯಿ ಎಲ್ಲಿದೆ ಎಂಬುದನ್ನು ಇಲ್ಲಿ ಹೇಳಲಾರೆ, ಮೂರು ಸಲ ಜಾಗ ಬದಲಿಸಿ ಕಂಡುಕೊಂಡದ್ದು.

ಇನ್ನು ಚಾಲಕನ ವಿಷಯ. ಏಸಿ ಇಲ್ಲದ ಕಾರಿನೊಳಗೆ ಹೊರಗಿಗಿಂತ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬಿಸಿ, ಮೇಲೆ ಬೆಂಕಿ ತಡೆಯುವ ಉಡುಪು. ಮೈ ಬಿಸಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆಗ ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ದೊಡ್ಡಪ್ಪನ ಅಡಿಕೆ ಒಣಗಿಸುವ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹೊದಿಸಿದ ಮನೆ, ಏಪ್ರಿಲಿನಲ್ಲಿ ಖಾಲಿ ಇತ್ತು. ಭಾವನನ್ನು ಅಲ್ಲಿ ಕೂರಿಸಿ ಬಿಸಿಗೆ ಒಗ್ಗಿಸೋಣವೆಂದುಕೊಂಡೆ. ಕೇಳಲು ಹೋದಾಗ, “ಅದು ಅಡಿಕೆಗೆ ಕಟ್ಟಿದ್ದು ತಮ್ಮಾ, ಮನುಷ್ಯರನ್ನು ಕೂರಿಸಲಿಕ್ಕಲ್ಲ” ಎಂದರು. ಡಾಕ್ಟರು ಭಾವನ ಹೃದಯ ಪರೀಕ್ಷಿಸಿ ಒಪ್ಪಿದ ಮೇಲೆಯೇ ಬಾಗಿಲು ತೆಗೆದರು. ನಾನು ದಿನವೂ ಬಾಗಿಲಲ್ಲೇ ನಿಂತಿರುತ್ತಿದ್ದೆ.

ಮೊದಲ ದಿನ 40 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ಹಳೆಯ ಸೀಟು, ಸ್ಟೇರಿಂಗು, ಗಟ್ಟಿ ಸ್ಪ್ರಿಂಗ್ ಹಾಕಿದ ಪೆಡಲ್. ಒಂಬತ್ತನೆಯ ದಿನ 47 ಡಿಗ್ರಿಯಲ್ಲಿ ಐವತ್ತು ನಿಮಿಷ ಕುಳಿತ. ಗೆದ್ದೆವೆಂದು ಕಾರವಾರಕ್ಕೆ ಹೋದೆವು, ಗೆಳೆಯನ ತಗಡಿನ ಶೆಡ್ಡಿನಲ್ಲಿ ಕರಾವಳಿಯ ಸೆಖೆಯಲ್ಲಿ ನೋಡೋಣವೆಂದು. ಅಲ್ಲಿ 37 ಡಿಗ್ರಿಯಷ್ಟೇ ಇತ್ತು. ಇಪ್ಪತ್ತೈದು ನಿಮಿಷಕ್ಕೆ ಅವನ ಮುಖ ಕೆಂಪಾಗಿ ತಲೆ ಸುತ್ತತೊಡಗಿತು, ಎತ್ತಿಕೊಂಡು ಹೊರಗೆ ತಂದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಹೊಳೆಯಿತು: ಪಾಲಿಹೌಸಿನ ಗಾಳಿ ಒಣ ಗಾಳಿ, ಅಡಿಕೆ ಒಣಗುವುದೇ ಅದರಿಂದ. ಅಲ್ಲಿ ಬೆವರೂ ಒಣಗಿ ಮೈ ತಂಪಾಗುತ್ತಿತ್ತು. ಕಾರವಾರದಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ.

ಊರಿಗೆ ಬಂದವನೇ ತೋಟದ ಸ್ಪ್ರಿಂಕ್ಲರ್ ತಂದು ಪಾಲಿಹೌಸಿನ ನೆಲಕ್ಕೆ ನೀರು ಬಿಟ್ಟೆ. ಬಿಸಿ 41ಕ್ಕೆ ಇಳಿಯಿತು, ಸೆಖೆ ಮಾತ್ರ ಕಾರವಾರದ್ದೇ. ಮತ್ತೆ ಇಪ್ಪತ್ತು ನಿಮಿಷದಿಂದ ಶುರು ಮಾಡಿ ಹನ್ನೆರಡು ದಿನ ಕೂರಿಸಿದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ದಿನವೂ ಮೊದಲು, ಆಮೇಲೆ ತೂಕ. ಮೊದಮೊದಲು ತಾಸಿಗೆ ಒಂದೂವರೆ ಕಿಲೋ ಇಳಿಯುತ್ತಿದ್ದ. ಮುರುಗಲು (ಪುನರ್ಪುಳಿ) ಪಾನಕ ಕುಡಿಸಿದೆ. ಬೆಲ್ಲ ಹೆಚ್ಚಾದರೆ ಹೊಟ್ಟೆ ಉಬ್ಬುತ್ತಿತ್ತು, ಹುಳಿ ಹೆಚ್ಚಾದರೆ ಎದೆ ಉರಿ. ನೀರಾಗಿ ಮಾಡಿ, ಉಪ್ಪು ಹಾಕಿ, ಹತ್ತು ನಿಮಿಷಕ್ಕೊಂದು ಗುಟುಕು ಕೊಟ್ಟಾಗ ಸರಿಹೋಯಿತು. ಉಪ್ಪಿನ ಅಳತೆ ನಮ್ಮ ತಂಡದ್ದಾಗಿಯೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಮೆರಿಕದ ಸೆಬ್ರಿಂಗ್‌ ಟ್ರ್ಯಾಕು ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟ್ ಮೇಲಿದೆ. ಅಲ್ಲಿ ಉಳಿದ ಕಾರು ಫ್ರಾನ್ಸಿನ ಲೆ ಮಾನ್ಸ್‌ನ 24 ತಾಸಿನ ಓಟದಲ್ಲೂ ಉಳಿಯುತ್ತದೆಂದು ದೊಡ್ಡ ತಂಡಗಳು ಅಲ್ಲಿಗೆ ಹೋಗುತ್ತವೆ. ನಮಗೆ ದೊಡ್ಡಪ್ಪನ ತೋಟದ ಕಲ್ಲುದಾರಿ ಇತ್ತು. ಬೋಲ್ಟುಗಳಿಗೆಲ್ಲ ಬಣ್ಣದ ಗೆರೆ ಎಳೆದು ಎರಡು ದಿನ ಮೊದಲ ಗೇರಿನಲ್ಲೇ ಓಡಾಡಿಸಿದೆ. ಏಳು ಗೆರೆಗಳು ಸರಿದಿದ್ದವು, ಅಂದರೆ ಏಳು ಬೋಲ್ಟುಗಳು ಸಡಿಲಗೊಂಡಿದ್ದವು. ಅವುಗಳಲ್ಲಿ ಒಂದು ರೇಡಿಯೇಟರಿನ ಹಿಡಿಕೆಯದು. ಅದೊಂದು ಸಿಕ್ಕಿದ್ದಕ್ಕೇ ಆ ಎರಡು ದಿನ ಸಾರ್ಥಕ.

ಓಟದ ನಡುವೆ ಒಬ್ಬ ಇಳಿದು ಇನ್ನೊಬ್ಬ ಏರುವ ಚಾಲಕರ ಬದಲಾವಣೆಯನ್ನು ಅಂಗಳದಲ್ಲಿ ಇನ್ನೂರು ಸಲವಾದರೂ ಮಾಡಿರಬೇಕು. ಎರಡು ನಿಮಿಷದಿಂದ ಐವತ್ತು ಸೆಕೆಂಡಿಗೆ ಬಂತು. ಬೆಲ್ಟುಗಳು ಸೀಟಿನ ಮೇಲೆ ಬೀಳದಂತೆ ಎರಡೂ ಬದಿಗೆ ಎಲಾಸ್ಟಿಕ್ ಕಟ್ಟಿದ್ದರಿಂದಲೇ ಹದಿನೈದು ಸೆಕೆಂಡ್ ಉಳಿಯಿತು.

ಊರಿನ ಈ ತಯಾರಿಗೆ ಒಟ್ಟು ಮೂವತ್ತೆಂಟು ಸಾವಿರದ ಆಸುಪಾಸು ಖರ್ಚಾಯಿತು, ಅದರಲ್ಲಿ ಅರ್ಧ ಬ್ರೇಕಿನ ಸಾಮಾನು. ಓಟಕ್ಕೆ ತಕ್ಕಡಿಯನ್ನೂ ಒಯ್ದಿದ್ದೆ. ಭಾವ ಕೊನೆಯ ಎಪ್ಪತ್ತು ನಿಮಿಷ ಓಡಿಸಿ ಇಳಿದಾಗ ತೂಗಿದೆ. ಇಳಿದದ್ದು ಒಂಬೈನೂರು ಗ್ರಾಂ. ಅವನ ಕೊನೆಯ ಸುತ್ತು ಮೊದಲ ಸುತ್ತಿಗಿಂತ ಎರಡು ಸೆಕೆಂಡ್ ಮಾತ್ರ ನಿಧಾನವಾಗಿತ್ತು. ಹಿಂದಿನ ಎಡ ಚಕ್ರದ ಬೇರಿಂಗ್ ಕೊನೆಯ ಅರ್ಧ ತಾಸು ಕೂಗುತ್ತಿತ್ತೆಂದು ಅವನೇ ಹೇಳಿದ. ಈ ವಾರ ಅದನ್ನು ಬಿಚ್ಚುತ್ತಿದ್ದೇನೆ.